ಎರಡು ವಾಕ್ಯ, ಒಂದು ರೊಟ್ಟಿಯ ತುಂಡು

ಕರ್ತನ ಭೋಜನದ, ಅಂದರೆ ಯೇಸುವಿನ ಕಡೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಹೊತ್ತಿನಲ್ಲಿ ರೊಟ್ಟಿಯ ತುಂಡನ್ನು ಕೈಯಲ್ಲಿಡುವಾಗ ಪಾದ್ರಿ ಏನು ಹೇಳಬೇಕು? ಇಂಗ್ಲೆಂಡಿನ ಸಭೆ (ಚರ್ಚು) ಹತ್ತೇ ವರ್ಷದಲ್ಲಿ ಈ ಪ್ರಶ್ನೆಗೆ ಮೂರು ಉತ್ತರ ಬರೆಯಿತು. 1549ರ ಪ್ರಾರ್ಥನಾ ಪುಸ್ತಕದಲ್ಲಿ ಇದ್ದದ್ದು ಹೀಗೆ: ನಿನಗಾಗಿ ಕೊಡಲ್ಪಟ್ಟ ನಮ್ಮ ಕರ್ತನಾದ ಯೇಸು ಕ್ರಿಸ್ತನ ದೇಹವು ನಿನ್ನ ದೇಹವನ್ನೂ ಆತ್ಮವನ್ನೂ ನಿತ್ಯಜೀವಕ್ಕೆ ಕಾಪಾಡಲಿ. 1552ರಲ್ಲಿ ಅದನ್ನು ಹೊಡೆದುಹಾಕಿ ಬೇರೆಯದನ್ನು ಬರೆದರು: ಕ್ರಿಸ್ತನು ನಿನಗಾಗಿ ಸತ್ತನೆಂದು ನೆನೆದು ಇದನ್ನು ತೆಗೆದುಕೊಂಡು ತಿನ್ನು; ನಂಬಿಕೆಯಿಂದ, ಕೃತಜ್ಞತೆಯಿಂದ, ನಿನ್ನ ಹೃದಯದಲ್ಲಿ ಆತನನ್ನು ಉಣ್ಣು. 1559ರಲ್ಲಿ ಎರಡನ್ನೂ ಒಂದರ ಹಿಂದೊಂದಿಟ್ಟು ಹೊಲಿದುಬಿಟ್ಟರು.

ಮೊದಲನೆಯ ವಾಕ್ಯ ಕೇಳಿದವರಿಗೆ ಕೈಯಲ್ಲಿರುವುದು ಕ್ರಿಸ್ತನ ದೇಹವೇ ಅನ್ನಿಸುತ್ತದೆ. ಎರಡನೆಯದನ್ನು ಕೇಳಿದರೆ ಕೈಯಲ್ಲಿರುವುದು ರೊಟ್ಟಿ, ಉಣ್ಣುವುದು ಹೃದಯ, ಬೇಕಾದದ್ದು ನೆನಪು ಮತ್ತು ನಂಬಿಕೆ. ಎರಡನ್ನೂ ಕೂಡಿಸಿದ್ದು ರಾಜಕೀಯದ ಲೆಕ್ಕಾಚಾರ ಎನ್ನುವವರಿದ್ದಾರೆ. ಸುಳ್ಳೇನಲ್ಲ. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಎಲಿಜಬೆತ್ ರಾಣಿಗೆ ಹಳೆಯ ನಂಬಿಕೆಯವರೂ ಹೊಸ ಸುಧಾರಕರೂ ಒಂದೇ ಮೇಜಿನ ಮುಂದೆ ಮೊಣಕಾಲೂರುವುದು ಬೇಕಿತ್ತು. ಆದರೆ ಅಲ್ಲಿಂದ ಮುಂದೆ ತಲೆಮಾರುಗಟ್ಟಲೆ ಜನ ಆ ಎರಡು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಕೇಳಿಸಿಕೊಂಡು ರೊಟ್ಟಿ ತಿಂದಿದ್ದಾರೆ. ಲೆಕ್ಕಾಚಾರವಾಗಿ ಹುಟ್ಟಿದ್ದು ಸಿದ್ಧಾಂತವಾಗಿ ಬೆಳೆಯಿತು. ಆಂಗ್ಲಿಕನ್ ದೃಷ್ಟಿಯಲ್ಲಿ, ಅಂದರೆ ಈ ಇಂಗ್ಲೆಂಡಿನ ಸಭೆಯ ಪರಂಪರೆಯಲ್ಲಿ, ದೈವಶಾಸ್ತ್ರ ಓದುವುದೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಹೊಲಿಗೆಯನ್ನೇ.

ಕೇಳುವವರೂ ಇದ್ದಾರೆ. ಶಾಂತಿನಗರದ ಒಂದು ಮನೆಯ ಹಾಲ್‌ನಲ್ಲಿ ಗುರುವಾರ ಸಂಜೆ ನಾವು ಆರೇಳು ಜನ ಸೇರಿ ಓದುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಆಂಟಿ, ನರ್ಸಿಂಗ್ ಪಾಠ ಹೇಳುವ ಒಬ್ಬ ಅಕ್ಕ, ಕೆಜಿಎಫ್ ಕಡೆಯಿಂದ ಬಂದು ನೆಲೆಸಿದ ಒಬ್ಬ ಅಣ್ಣ, ಸಿಲ್ಕ್ ಬೋರ್ಡ್ ದಾಟಿಕೊಂಡು ಯಾವಾಗಲೂ ಅರ್ಧ ಗಂಟೆ ತಡವಾಗಿ ಬರುವ ಒಬ್ಬ ಸಾಫ್ಟ್‌ವೇರ್ ಹುಡುಗ. ಎಲ್ಲರೂ ಸಿಎಸ್‌ಐನವರು, ಅಂದರೆ ದಕ್ಷಿಣ ಭಾರತ ಸಭೆಯವರು. ಮೊದಲ ವಾರವೇ ಆಂಟಿ ಕೇಳಿದರು: "ಅಲ್ಲಪ್ಪಾ, ಕ್ಯಾಥೊಲಿಕ್‌ನವರಿಗೆ ಅಕ್ವೈನಾಸ್ ಇದ್ದಾರೆ, ರಿಫಾರ್ಮ್ಡ್‌ನವರಿಗೆ ಕ್ಯಾಲ್ವಿನ್ ಇದ್ದಾರೆ. ಆಂಗ್ಲಿಕನ್ ಅಂದ್ರೆ ಯಾವ ಬುಕ್ಕು ಓದ್ಬೇಕು?"

"ಐವತ್ತು ವರ್ಷದಿಂದ ಪ್ರತಿ ಭಾನುವಾರ ಓದ್ತಾನೇ ಇದ್ದೀರಲ್ಲ ಆಂಟಿ," ಅಂದೆ. ಅವರು ನಂಬಲಿಲ್ಲ.

ಸಿಸ್ಟಮ್ಯಾಟಿಕ್ ಥಿಯಾಲಜಿ ಎಂಬ ಹೆಸರು ಕೇಳಿದರೆ ದಪ್ಪ ಪುಸ್ತಕ, ಲ್ಯಾಟಿನ್ ಪದ, ತಲೆನೋವು ನೆನಪಾಗುತ್ತವೆ. ಕನ್ನಡದಲ್ಲಿ ಕ್ರಮಬದ್ಧ ದೈವಶಾಸ್ತ್ರ ಅನ್ನೋಣ. ದೇವರು, ಸೃಷ್ಟಿ, ಮನುಷ್ಯ, ಪಾಪ, ಕ್ರಿಸ್ತ, ರಕ್ಷಣೆ, ಪವಿತ್ರಾತ್ಮ, ಸಭೆ, ಸಂಸ್ಕಾರ, ಅಂತ್ಯಕಾಲ ಎಂದು ವಿಷಯಗಳನ್ನು ಸಾಲಾಗಿ ಇಡುವುದು ಅದರ ಹೊರಗಿನ ರೂಪ ಮಾತ್ರ. ಒಂದರ ಬಗ್ಗೆ ಹೇಳಿದ್ದು ಇನ್ನೊಂದರ ಬಗ್ಗೆ ಹೇಳಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡುವುದೇ ಅದರ ಅಸಲು ಕೆಲಸ. ನಾಲ್ಕನೆಯ ಶತಮಾನದಲ್ಲಿ ಅರಿಯಸ್ ಎಂಬ ಗುರು ಮಗನು ತಂದೆಗಿಂತ ಕೆಳಗಿನವನು, ಸೃಷ್ಟಿಯಾದವನು ಎಂದ. ಮೇಲ್ನೋಟಕ್ಕೆ ಅದು ದೇವರನ್ನು ಕುರಿತ ಮಾತು. ಅಥನೇಷಿಯಸ್ ತಕ್ಷಣ ಇನ್ನೊಂದು ತುದಿಯನ್ನು ಹಿಡಿದೆಳೆದ: ಸೃಷ್ಟಿಯಾದವನು ಸೃಷ್ಟಿಯನ್ನು ರಕ್ಷಿಸುವುದು ಹೇಗೆ? ದೇವರ ವಿಷಯದಲ್ಲಿ ಎಡವಿದರೆ ರಕ್ಷಣೆಯ ವಿಷಯದಲ್ಲಿ ಬೀಳುತ್ತೀರಿ. 325ರಲ್ಲಿ ನೈಸಿಯದಲ್ಲಿ, ಮತ್ತೆ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಸಭೆ ಈ ಕೊಂಡಿಯನ್ನು ವಿಶ್ವಾಸ ಪ್ರಮಾಣವಾಗಿ (ಕ್ರೀಡ್) ಬರೆದಿಟ್ಟಿತು.

ಮನೆ ಮುಂದಿನ ಚುಕ್ಕಿ ರಂಗೋಲಿಯನ್ನು ನೆನೆಸಿಕೊಳ್ಳಿ. ಮೊದಲು ಚುಕ್ಕಿ, ಆಮೇಲೆ ಎಳೆ. ಒಂದು ಚುಕ್ಕಿ ಬಿಟ್ಟುಹೋದರೂ ಎಳೆ ಎಲ್ಲೋ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಕ್ಯಾಲ್ವಿನ್‌ನಂಥವರು ಚುಕ್ಕಿಯನ್ನೂ ಇಟ್ಟು ಎಳೆಯನ್ನೂ ಪೂರ್ತಿ ಎಳೆದು ಕೊಟ್ಟರು. ಆಂಗ್ಲಿಕನ್ ಸಭೆ ಚುಕ್ಕಿಗಳನ್ನು ಮಾತ್ರ ಗಟ್ಟಿಯಾಗಿ ಇಟ್ಟು, ಎಳೆಯ ಬಹುಭಾಗವನ್ನು ಓದುಗರಿಗೆ ಬಿಟ್ಟಿತು. ಹದಿನೇಳನೆಯ ಶತಮಾನದ ಆರಂಭದಲ್ಲಿದ್ದ ಬಿಷಪ್ ಲ್ಯಾನ್ಸೆಲಾಟ್ ಆಂಡ್ರೂಸ್ ಆ ಚುಕ್ಕಿಗಳನ್ನು ಬೆರಳಲ್ಲಿ ಎಣಿಸುವ ಹಾಗೆ ಹೇಳಿದರು: ಒಂದು ವೇದ (ಬೈಬಲ್), ಎರಡು ಒಡಂಬಡಿಕೆ, ಮೂರು ವಿಶ್ವಾಸ ಪ್ರಮಾಣ, ನಾಲ್ಕು ಮಹಾಸಭೆ, ಐದು ಶತಮಾನ. 1888ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರು, ಸಭೆಗಳು ಒಂದಾಗಬೇಕಾದರೆ ಬೇಕಾದದ್ದು ನಾಲ್ಕು ಎಂದು ಇಳಿಸಿದರು: ಸತ್ಯವೇದ, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡು ಸಂಸ್ಕಾರ, ಆಯಾ ನೆಲಕ್ಕೆ ಹೊಂದಿಸಿಕೊಂಡ ಬಿಷಪ್ ಪದ್ಧತಿ. ಅಷ್ಟೇ.

ಇದನ್ನು ಹೊಗಳುವವರು ವಿಶಾಲ ಮನಸ್ಸು ಅನ್ನುತ್ತಾರೆ. ಬೈಯುವವರು ನಿಲುವಿಲ್ಲದ ನಿಲುವು ಅನ್ನುತ್ತಾರೆ. ಎರಡಕ್ಕೂ ಆಧಾರವಿದೆ. ನಡುದಾರಿ ಎಂಬ ಪದವನ್ನು ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸುವುದನ್ನು ನಾನೇ ಬೇಕಾದಷ್ಟು ಸಲ ಕೇಳಿದ್ದೇನೆ. ಸ್ಟೀಫನ್ ಸೈಕ್ಸ್ ಎಂಬ ಆಂಗ್ಲಿಕನ್ ದೈವಶಾಸ್ತ್ರಜ್ಞರು 1978ರಲ್ಲೇ ತಮ್ಮವರ ಕಿವಿ ಹಿಂಡಿದ್ದರು: ನಮಗೆ ವಿಶೇಷ ಸಿದ್ಧಾಂತವೇನೂ ಇಲ್ಲ ಎಂದು ಹೇಳಿಕೊಂಡು ತಿರುಗುವುದನ್ನು ನಿಲ್ಲಿಸಿ, ಕೂತು ಕ್ರಮವಾಗಿ ಯೋಚಿಸಿ ಎಂದು.

ಹಾಗಾದರೆ ಆ ಸಿದ್ಧಾಂತ ಎಲ್ಲಿದೆ? ಮೊದಲು ಪ್ರಾರ್ಥನೆಯಲ್ಲಿದೆ. ಪ್ರಾರ್ಥಿಸುವ ಬಗೆಯೇ ನಂಬುವ ಬಗೆಯನ್ನು ತೋರಿಸುತ್ತದೆ ಎಂಬ ಹಳೆಯ ಲ್ಯಾಟಿನ್ ಮಾತನ್ನು ಆಂಗ್ಲಿಕನರು ಬಿಡದೆ ಹಿಡಿದುಕೊಂಡರು. ಪ್ರಾರ್ಥನಾ ಪುಸ್ತಕ ಬರೆದ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಸಿದ್ಧಾಂತದ ಮಹಾಗ್ರಂಥವನ್ನೇನೂ ಬಿಟ್ಟುಹೋಗಲಿಲ್ಲ; ಜನರ ಬಾಯಲ್ಲಿ ನಿಲ್ಲುವ ವಾಕ್ಯಗಳನ್ನು ಬಿಟ್ಟುಹೋದರು. ಪಾಪ ಎಂದರೇನು ಎಂಬ ಪಾಠ ಬೇಕೇ? ಅವರ ಪಾಪನಿವೇದನೆಯ ಪ್ರಾರ್ಥನೆಯನ್ನು ನಿಧಾನವಾಗಿ ಓದಿ. ದಾರಿ ತಪ್ಪಿದ ಕುರಿಗಳ ಹಾಗೆ ಅಲೆದೆವು ಎಂದು ಶುರುವಾಗುತ್ತದೆ. ಮಾಡಬೇಕಾದದ್ದನ್ನು ಮಾಡದೆ ಬಿಟ್ಟೆವು ಎಂಬುದು ಮೊದಲು ಬರುತ್ತದೆ, ಮಾಡಬಾರದ್ದನ್ನು ಮಾಡಿದೆವು ಎಂಬುದು ಆಮೇಲೆ. ಆ ಅನುಕ್ರಮದ ಮುಂದೆ ನಮ್ಮ ಗುಂಪು ಒಂದು ಸಂಜೆ ಪೂರ್ತಿ ಕೂತಿತ್ತು. ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ಎದೆ ತಟ್ಟಿಕೊಳ್ಳುವವರನ್ನು ಆ ಮೊದಲ ಸಾಲೇ ಹಿಡಿದು ನಿಲ್ಲಿಸುತ್ತದೆ. ಆಂಟಿಗೆ ಪುಸ್ತಕ ಯಾವುದೆಂದು ನಂಬಿಕೆ ಬಂದದ್ದು ಅವತ್ತು.

ಕ್ರ್ಯಾನ್ಮರ್‌ರನ್ನು 1556ರ ಮಾರ್ಚ್ 21ರಂದು ಆಕ್ಸ್‌ಫರ್ಡ್‌ನಲ್ಲಿ ಸುಟ್ಟರು. ಜೀವಭಯದಿಂದ ಹಿಂದೆ ತಮ್ಮ ಸುಧಾರಣೆಯ ನಂಬಿಕೆಯೇ ತಪ್ಪೆಂಬ ಒಪ್ಪಿಗೆಗೆ ಸಹಿ ಹಾಕಿದ್ದ ಬಲಗೈಯನ್ನು ಅವರು ಮೊದಲು ಬೆಂಕಿಗೊಡ್ಡಿದರು. ಮಾಡಬಾರದ್ದನ್ನು ಮಾಡಿದೆವು ಎಂಬ ಸಾಲು ಬರೆದದ್ದೂ ಅದೇ ಕೈಯಿಂದಲೇ ಇರಬೇಕು.

ಪ್ರಾರ್ಥನೆಯ ಸಣ್ಣ ಸೂಚನೆಯಲ್ಲೂ ಎಷ್ಟು ಸಿದ್ಧಾಂತ ಅಡಗಿರುತ್ತದೆ ನೋಡಿ. ಮೊಣಕಾಲೂರಿ ರೊಟ್ಟಿ ತೆಗೆದುಕೊಂಡರೆ ಅದು ರೊಟ್ಟಿಗೆ ಮಾಡಿದ ಪೂಜೆಯಾಗುತ್ತದೆ ಎಂದು ಸ್ಕಾಟ್‌ಲೆಂಡಿನ ಸುಧಾರಕ ಜಾನ್ ನಾಕ್ಸ್ ಗಲಾಟೆ ಎಬ್ಬಿಸಿದರು. 1552ರ ಪುಸ್ತಕ ಅಚ್ಚಿಗೆ ಹೋದ ಮೇಲೆ, ಕಟ್ಟಕಡೆಯ ಗಳಿಗೆಯಲ್ಲಿ, ಒಂದು ಟಿಪ್ಪಣಿ ಸೇರಿಸಿದರು: ಮೊಣಕಾಲೂರುವುದು ಕೃತಜ್ಞತೆಗೆ, ಆರಾಧನೆಗಲ್ಲ, ಅಲ್ಲಿ ಕ್ರಿಸ್ತನ ಮಾಂಸರಕ್ತಗಳ ನಿಜವಾದ, ತತ್ವರೂಪದ ಸಾನ್ನಿಧ್ಯವಿಲ್ಲ ಎಂದು. 1559ರಲ್ಲಿ ಅದು ಮಾಯವಾಯಿತು. 1662ರಲ್ಲಿ ಮತ್ತೆ ಬಂತು, ಆದರೆ ಒಂದು ಪದ ಬದಲಾಗಿತ್ತು. ನಿಜವಾದ, ತತ್ವರೂಪದ ಎಂಬಲ್ಲಿ ಈಗ ಶಾರೀರಿಕ ಎಂದಿತ್ತು. ಶಾರೀರಿಕ ಸಾನ್ನಿಧ್ಯವಿಲ್ಲ ಅಂದರೆ ಬೇರೆ ಬಗೆಯ ನಿಜ ಸಾನ್ನಿಧ್ಯ ಇರಬಹುದು! ಒಂದೇ ಪದ ಬದಲಿಸಿ ಬಾಗಿಲನ್ನು ಒಂದಿಷ್ಟು ತೆರೆದಿಟ್ಟರು. ದೈವಶಾಸ್ತ್ರ ಓದುವವರಿಗೆ ಅಕ್ಕಸಾಲಿಗನ ತಕ್ಕಡಿ ಬೇಕು ಅನ್ನುವುದು ಇದಕ್ಕೇ.

ಪ್ರಾರ್ಥನೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದದ್ದು ಇಂಗ್ಲೆಂಡಿನ ಸಭೆಯ ನಂಬಿಕೆಯನ್ನು ಪಟ್ಟಿಮಾಡಿದ ಮೂವತ್ತೊಂಬತ್ತು ವಿಧಿಗಳು. 1563ರಲ್ಲಿ ರೂಪುಗೊಂಡು 1571ರಲ್ಲಿ ಅಂತಿಮವಾದ ಇವು ಒಂದು ಕಿರುಹೊತ್ತಿಗೆಯಷ್ಟೂ ಇಲ್ಲ. ಆರನೆಯ ವಿಧಿ ಬುನಾದಿ: ರಕ್ಷಣೆಗೆ ಬೇಕಾದದ್ದೆಲ್ಲ ಸತ್ಯವೇದದಲ್ಲಿದೆ, ಅಲ್ಲಿ ಇಲ್ಲದ್ದನ್ನು, ಅದರಿಂದ ಸಿದ್ಧಪಡಿಸಲಾಗದ್ದನ್ನು, ನಂಬಲೇಬೇಕೆಂದು ಯಾರ ಮೇಲೂ ಹೇರುವಂತಿಲ್ಲ. ಇಪ್ಪತ್ತನೆಯದು ಆಚರಣೆಗಳನ್ನು ಗೊತ್ತುಮಾಡುವ ಅಧಿಕಾರವನ್ನು ಸಭೆಗೆ ಕೊಟ್ಟು, ವೇದದ ಒಂದು ಭಾಗವನ್ನು ಇನ್ನೊಂದಕ್ಕೆ ವಿರೋಧವಾಗಿ ವ್ಯಾಖ್ಯಾನಿಸಬೇಡ ಎಂದು ಕಟ್ಟುಹಾಕುತ್ತದೆ. ಹತ್ತೊಂಬತ್ತನೆಯದು ಜೆರೂಸಲೇಮ್, ಅಲೆಕ್ಸಾಂಡ್ರಿಯ, ಅಂತಿಯೋಕ್ಯ, ರೋಮ್ ಸಭೆಗಳೆಲ್ಲ ತಪ್ಪಿವೆ ಅನ್ನುತ್ತದೆ. ಇಪ್ಪತ್ತೊಂದನೆಯದು ಮಹಾಸಭೆಗಳೂ ತಪ್ಪಬಹುದು ಅನ್ನುತ್ತದೆ. ಎಲ್ಲರೂ ತಪ್ಪಬಹುದು ಎಂದು ತನ್ನ ನಂಬಿಕೆಯ ಪಟ್ಟಿಯಲ್ಲೇ ಬರೆದುಕೊಂಡ ಸಭೆ ಇದು. ತನ್ನ ಹೆಸರನ್ನು ಮಾತ್ರ ಆ ಸಾಲಿಗೆ ಸೇರಿಸಲಿಲ್ಲ ಅನ್ನಿ.

ಈ ವಿಧಿಗಳಲ್ಲಿ ಎಳೆಯದೆ ಬಿಟ್ಟ ಎಳೆಗಳೇ ಜಾಸ್ತಿ. ಕ್ರಿಸ್ತನ ಮರಣ ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಒಂದೇ ಅಧಿಕೃತ ವಿವರಣೆ ಇಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಆನ್ಸೆಲ್ಮ್, ದೇವರ ಗೌರವಕ್ಕೆ ಮನುಷ್ಯ ತೀರಿಸಬೇಕಾದ ಸಾಲವನ್ನು ಮನುಷ್ಯನಾದ ದೇವರೇ ತೀರಿಸಿದರು ಎಂದು ವಾದಿಸಿದರು. ಕ್ರ್ಯಾನ್ಮರ್‌ರ ಪ್ರಾರ್ಥನೆ ಅದರ ನೆರಳಲ್ಲೇ ಸಂಪೂರ್ಣವೂ ಸಾಕಾದದ್ದೂ ಆದ ಬಲಿ ಎಂದು ಹೇಳುತ್ತದೆ. ಹೇಗೆ ಎಂಬುದರ ಲೆಕ್ಕಪತ್ರ ತೆರೆಯುವುದಿಲ್ಲ.

ಹೀಗೆ ಬಿಟ್ಟ ಜಾಗದಲ್ಲಿ ಎಳೆ ಎಳೆಯುವುದು ಹೇಗೆ? ಇಲ್ಲಿ ಎಲ್ಲರೂ ಹೇಳುವ ಹೆಸರು ಆಂಗ್ಲಿಕನ್ ದೈವಶಾಸ್ತ್ರಜ್ಞ ರಿಚರ್ಡ್ ಹೂಕರ್, 1554ರಿಂದ 1600ರವರೆಗೆ ಬದುಕಿದ್ದವರು. ಎಲ್ಲರೂ ಹೇಳುವ ಚಿತ್ರವೂ ಒಂದಿದೆ: ವೇದ, ಪರಂಪರೆ, ವಿವೇಕ ಎಂಬ ಮೂರು ಕಾಲಿನ ಸ್ಟೂಲು. ಹೂಕರ್ ಸ್ಟೂಲಿನ ಮಾತೇ ಎತ್ತಿಲ್ಲ. ಅವರು ಹೇಳಿದ್ದು ಒಂದು ಸರದಿ. ವೇದ ಸ್ಪಷ್ಟವಾಗಿ ಹೇಳಿದ್ದಕ್ಕೆ ಮೊದಲ ಮಣೆ. ಅದರ ನಂತರ ವಿವೇಕ ಬಲವಾಗಿ ತೀರ್ಮಾನಿಸುವುದಕ್ಕೆ. ಇವೆರಡರ ಬಳಿಕ ಸಭೆಯ ದನಿಗೆ. ಸ್ಟೂಲಿನ ಕಾಲುಗಳು ಸಮನಾಗಿರಬೇಕು, ಇಲ್ಲದಿದ್ದರೆ ಕೂತವರು ಬೀಳುತ್ತಾರೆ. ಸರದಿಯಲ್ಲಿ ಹಾಗಲ್ಲ, ಹಿಂದೆ ನಿಂತವರು ಮುಂದಿನವರನ್ನು ತಳ್ಳುವಂತಿಲ್ಲ. ಚಿತ್ರ ಬದಲಾದರೆ ಶಾಸ್ತ್ರವೇ ಬದಲಾಗುತ್ತದೆ.

ಈ ಮಾತು ಬಂದಾಗ ನರ್ಸಿಂಗ್ ಅಕ್ಕ ತಟ್ಟನೆ, "ಇದು ಪ್ರಮಾಣದ ವಿಚಾರ ಅಲ್ವಾ?" ಅಂದರು. ಹೌದು. ಯಾವುದನ್ನು ಆಧಾರವಾಗಿಟ್ಟುಕೊಂಡು ತಿಳಿಯುತ್ತೇವೆ ಎಂಬ ಚರ್ಚೆ ಈ ನೆಲಕ್ಕೆ ಹೊಸದಲ್ಲ. ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂದರು. ಶ್ರುತಿ, ಯುಕ್ತಿ, ಅನುಭವ ಎಂಬ ಮೂರರ ಸಾಲು ವೇದಾಂತದ ಪಾಠಗಳಲ್ಲಿ ಎಲ್ಲರಿಗೂ ಗೊತ್ತು. ಭಕ್ತಿಮಾರ್ಗದ ಬೆಳಕಿನಲ್ಲಿ ಯೋಹಾನನ ಸುವಾರ್ತೆಯನ್ನು ಓದಿದ ಸಿಎಸ್‌ಐ ಬಿಷಪ್ ಎ. ಜೆ. ಅಪ್ಪಾಸಾಮಿ ಈ ಸಾಲನ್ನೇ ಎತ್ತಿಕೊಂಡು ಕ್ರೈಸ್ತ ಪ್ರಮಾಣಗಳನ್ನು ವಿವರಿಸಿದರು. ಶ್ರುತಿ, ಯುಕ್ತಿ, ಅನುಭವಗಳ ಜೊತೆಗೆ ಅವರು ನಾಲ್ಕನೆಯದೊಂದನ್ನು ಸೇರಿಸಿದರು: ಸಭೆ. ಹೂಕರ್‌ಗೆ ಇದು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಈ ಪದಗಳ ಮೇಲೆ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ಯೋಹಾನ 1:14ರಲ್ಲಿ ನಮ್ಮ ಸತ್ಯವೇದ ಆ ವಾಕ್ಯವೆಂಬಾತನು ನರಾವತಾರ ಎತ್ತಿದನು ಅನ್ನುತ್ತದೆ. ಗ್ರೀಕ್ ಮೂಲದಲ್ಲಿ ಇರುವುದು ಇದಕ್ಕಿಂತ ಒರಟು: ವಾಕ್ಯವು ಮಾಂಸವಾಯಿತು. ಅವತಾರ ಎಂಬ ಪದ ಕನ್ನಡದ ಕಿವಿಗೆ ಮೇಲಿನಿಂದ ಇಳಿದು ಬರುವುದನ್ನು ಸೊಗಸಾಗಿ ತಲುಪಿಸುತ್ತದೆ, ನಿಜ. ಜೊತೆಗೆ ಯುಗಯುಗದಲ್ಲೂ ಬರುವೆನೆಂಬ ಗೀತೆಯ ಮಾತನ್ನೂ ಹೊತ್ತು ತರುತ್ತದೆ. ಮಧ್ವಮತದಲ್ಲಿ ವಿಷ್ಣುವಿನ ಅವತಾರದ ದೇಹ ಪ್ರಕೃತಿಯಿಂದಾದದ್ದಲ್ಲ, ಅದಕ್ಕೆ ನಿಜವಾದ ನೋವಿಲ್ಲ. ಆ ಪರಂಪರೆಯಲ್ಲಿ ಬೆಳೆದವರು ನರಾವತಾರ ಎಂದು ಓದಿದರೆ ಏನು ಕೇಳಿಸಿಕೊಳ್ಳುತ್ತಾರೆ? ಹಸಿದದ್ದು, ದಣಿದು ಬಾವಿಕಟ್ಟೆಯ ಬಳಿ ಕೂತದ್ದು, ಗೆಳೆಯ ಸತ್ತಾಗ ಅತ್ತದ್ದು ಎಲ್ಲ ಲೀಲೆ ಎಂದೇ? ಯೇಸುವಿನ ದೇಹ ತೋರಿಕೆ ಮಾತ್ರ ಎಂದು ಹೇಳಿದವರು ಕ್ರೈಸ್ತರಲ್ಲೂ ಮೊದಲಿನಿಂದ ಇದ್ದರು. ಸಭೆ ಆ ಮಾತನ್ನು ಖಡಾಖಂಡಿತವಾಗಿ ತಳ್ಳಿಹಾಕಿತು.

451ರಲ್ಲಿ ಕಾಲ್ಸೆಡನ್ ಮಹಾಸಭೆ ಇದಕ್ಕೆ ಬೇಲಿ ಹಾಕಿತು. ಒಬ್ಬನೇ ಕ್ರಿಸ್ತ, ಎರಡು ಸ್ವಭಾವ. ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ಒಡಕಿಲ್ಲದೆ, ಅಗಲಿಕೆಯಿಲ್ಲದೆ. ನಾಲ್ಕೂ ಇಲ್ಲದೆಗಳೇ ಎಂಬುದನ್ನು ಗಮನಿಸಿ. ಸಾಫ್ಟ್‌ವೇರ್ ಹುಡುಗ ಇದನ್ನು ಓದಿ, "ಇದು ಉತ್ತರ ಅಲ್ಲ ಬ್ರದರ್, ಎರರ್ ಲಿಸ್ಟು," ಅಂದ. ಸರಿಯಾಗಿಯೇ ಹೇಳಿದ. ಗುಟ್ಟು ಏನೆಂದು ಕಾಲ್ಸೆಡನ್ ಬಿಡಿಸಿ ಹೇಳುವುದಿಲ್ಲ, ಯಾವ ಕಡೆ ಹೋದರೆ ಹಳ್ಳಕ್ಕೆ ಬೀಳುತ್ತೀರಿ ಎಂದು ಕಲ್ಲು ನೆಟ್ಟು ಹೋಗುತ್ತದೆ. ಒಳಗಿನ ಜಾಗ ನಡೆದಾಡಲು ಬಿಟ್ಟದ್ದು.

ಹತ್ತೊಂಬತ್ತನೆಯ ಶತಮಾನದ ಆಂಗ್ಲಿಕನರು ಆ ಜಾಗದಲ್ಲಿ ಬಹಳ ದೂರ ನಡೆದರು. 1889ರಲ್ಲಿ ಚಾರ್ಲ್ಸ್ ಗೋರ್ ಸಂಪಾದಿಸಿದ ಪ್ರಬಂಧ ಸಂಕಲನವೊಂದು ದೊಡ್ಡ ಸದ್ದು ಮಾಡಿತು. ಮನುಷ್ಯನಾದ ದೇವಕುಮಾರನಿಗೆ ತನ್ನ ಕಾಲದ ಮನುಷ್ಯರಿಗಿದ್ದಷ್ಟೇ ತಿಳಿವಳಿಕೆಯ ಮಿತಿ ಇತ್ತೇ? ಆ ದಿನ ಯಾವಾಗ ಬರುತ್ತದೆಂದು ಮಗನಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳುತ್ತಾನಲ್ಲ. ಗೋರ್ ಅದನ್ನು ಅಕ್ಷರಶಃ ತೆಗೆದುಕೊಂಡರು. ಫಿಲಿಪ್ಪಿ 2:7ರಲ್ಲಿ ತನ್ನನ್ನು ಬರಿದುಮಾಡಿಕೊಂಡು ಎಂಬ ಮಾತಿದೆ. ದೇವರು ಬರಿದಾಗಬಲ್ಲನೆಂಬುದೇ ದೇವರ ಶಕ್ತಿ ಎಂಬ ಕಡೆಗೆ ಈ ವಿಚಾರ ಹೊರಳಿತು. ಮನುಷ್ಯನಾಗುವುದು ಮಾಂಸದವರೆಗೂ ನಿಜವಾದರೆ ಕೊಳೆಗೇರಿಯ ಮಾಂಸವೂ ಸಭೆಯ ಚಿಂತೆಯೇ ಎಂಬುದು ಅವರ ತರ್ಕ. ಗೋರ್ ಕಾರ್ಮಿಕರ ಪ್ರಶ್ನೆಗಳನ್ನು ದೈವಶಾಸ್ತ್ರದ ಪ್ರಶ್ನೆಗಳಂತೆಯೇ ಕೈಗೆತ್ತಿಕೊಂಡರು. ಒಂದು ಚುಕ್ಕಿಯಿಂದ ಹೊರಟ ಎಳೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಇಷ್ಟೆಲ್ಲ ಇಂಗ್ಲೆಂಡಿನ ಕಥೆ ಬೆಂಗಳೂರಿನ ಕನ್ನಡ ಕ್ರೈಸ್ತರಿಗೆ ಯಾಕೆ? ನಾವು ಆಂಗ್ಲಿಕನರೇ ಎಂಬ ಪ್ರಶ್ನೆಯೇ ಸ್ವಲ್ಪ ತೊಡಕಿನದು. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಆಂಗ್ಲಿಕನ್ ಗುಡಿಯೇ. ಕಂಟೋನ್ಮೆಂಟಿನ ಬ್ರಿಟಿಷರಿಗಾಗಿ ಕಟ್ಟಿ 1816ರಲ್ಲಿ ಪ್ರತಿಷ್ಠೆಯಾದದ್ದು. ಕನ್ನಡದ ಆರಾಧನೆ ಬೆಳೆದದ್ದು ಬೇರೆ ಅಂಗಳದಲ್ಲಿ. 1904ರ ಹಡ್ಸನ್ ಚರ್ಚು ವೆಸ್ಲಿಯನ್ ಮೆಥೊಡಿಸ್ಟರದು. ಅವೆನ್ಯೂ ರಸ್ತೆಯ ರೈಸ್ ಚರ್ಚು ಲಂಡನ್ ಮಿಷನ್ನಿನದು. ಹಾಗೆಂದು ನಮಗೂ ಆಂಗ್ಲಿಕನ್ ಪರಂಪರೆಗೂ ಸಂಬಂಧವಿಲ್ಲ ಅನ್ನುವಂತಿಲ್ಲ. ಜಾನ್ ವೆಸ್ಲಿ 1791ರಲ್ಲಿ ಸಾಯುವವರೆಗೂ ಆಂಗ್ಲಿಕನ್ 'ಪಾದ್ರಿ'ಯಾಗಿಯೇ ಇದ್ದರು. 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಅವರು ಪ್ರಾರ್ಥನಾ ಪುಸ್ತಕವನ್ನು ಮೊಟಕುಗೊಳಿಸಿದರು, ಮೂವತ್ತೊಂಬತ್ತು ವಿಧಿಗಳನ್ನು 24ಕ್ಕೆ ಇಳಿಸಿದರು. ರಕ್ಷಣೆ ಯಾರಿಗೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆನ್ನುವ ಪೂರ್ವನೇಮಕದ ಹದಿನೇಳನೆಯ ವಿಧಿಯನ್ನು ಕತ್ತರಿಸಿಯೇಬಿಟ್ಟರು. ಹಾಗಾಗಿ ಹಡ್ಸನ್ ಚರ್ಚಿನ ಅಜ್ಜಿಯ ಬಾಯಿಗೂ ಕ್ರ್ಯಾನ್ಮರ್ ಬಂದಿದ್ದಾರೆ, ಹಿತ್ತಲ ಬಾಗಿಲಿಂದ.

ಮುಂಬಾಗಿಲು ತೆರೆದದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ. ಆಂಗ್ಲಿಕನರು, ಮೆಥೊಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಸೇರಿ ದಕ್ಷಿಣ ಭಾರತ ಸಭೆಯಾದರು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಅದರ ಜೀವವಾಗಿದ್ದ, ಭಾರತೀಯರಲ್ಲೇ ಮೊದಲ ಆಂಗ್ಲಿಕನ್ ಬಿಷಪ್ ಆದ ವಿ. ಎಸ್. ಅಜರಯ್ಯ ಆ ದಿನ ನೋಡಲು ಉಳಿದಿರಲಿಲ್ಲ.

ಸಿಕ್ಕು ಬಿದ್ದದ್ದು ಬಿಷಪ್ ವಿಷಯದಲ್ಲಿ. ಬಿಷಪ್ ಪದ್ಧತಿ ಸಭೆಯ ಇರವಿಗೇ ಬೇಕೋ, ಅದಿಲ್ಲದೆ ಸಭೆಯೇ ಇಲ್ಲವೋ? ಅಥವಾ ಸಭೆ ಚೆನ್ನಾಗಿರಲು ಬೇಕೋ? ಅಥವಾ ಸಭೆ ತುಂಬಿ ನಿಲ್ಲಲು ಬೇಕೋ? ಮನೆಗೆ ಅದು ಪಾಯವೋ, ಸುಣ್ಣಬಣ್ಣವೋ, ಗೃಹಪ್ರವೇಶಕ್ಕೆ ಮೊದಲು ಬೇಕಾದ ಚಾವಣಿಯೋ? ಪಾಯ ಅನ್ನುವವರಿಗೆ, ಬಿಷಪ್ಪರ ಕೈ ತಲೆಯ ಮೇಲಿಲ್ಲದೆ ಅಭಿಷೇಕವಾದ ಮೆಥೊಡಿಸ್ಟ್ ಪಾದ್ರಿ ಪಾದ್ರಿಯೇ ಅಲ್ಲ. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ದಕ್ಷಿಣ ಭಾರತದ ಯೋಜನೆಯ ವಿರುದ್ಧ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಸಿಎಸ್‌ಐ ಏನು ಮಾಡಿತು? ಬಿಷಪ್ ಪದ್ಧತಿಯನ್ನು ಒಪ್ಪಿತು. ಅದರ ಬಗ್ಗೆ ಇಂಥದ್ದೇ ವ್ಯಾಖ್ಯಾನ ನಂಬಬೇಕೆಂದು ಹೇರಲಿಲ್ಲ. ಹಳೆಯ ಪಾದ್ರಿಗಳಿಗೆ ಮತ್ತೆ ಅಭಿಷೇಕ ಬೇಡ, ಇನ್ನು ಮುಂದಿನವರಿಗೆಲ್ಲ ಬಿಷಪ್ಪರಿಂದಲೇ ಅಂದಿತು. ಪ್ರೆಸ್ಬಿಟೇರಿಯನ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ 37ನೇ ವಯಸ್ಸಿಗೆ ಬಿಷಪ್ ಆದರು. 1948ರ ಲ್ಯಾಂಬೆತ್ ಸಮ್ಮೇಳನ ಅನುಮಾನದಿಂದಲೇ ನೋಡಿತು. ಇಂದು ಸಿಎಸ್‌ಐ, ಲೋಕದ ಆಂಗ್ಲಿಕನ್ ಸಭೆಗಳ ಕೂಟವಾದ ಆಂಗ್ಲಿಕನ್ ಕಮ್ಯೂನಿಯನ್ನಿನ ಸದಸ್ಯ ಸಭೆ. ನನ್ನನ್ನು ಕೇಳಿದರೆ, 1559ರ ಹೊಲಿಗೆಗಿಂತ 1947ರದ್ದು ಧೈರ್ಯದ ಹೊಲಿಗೆ. ಅಲ್ಲಿ ರಾಣಿಯ ಆಜ್ಞೆ ಇತ್ತು, ಇಲ್ಲಿ ಇರಲಿಲ್ಲ.

ಕ್ರಮವಾಗಿ ಓದಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ, 1910ರಿಂದ. ಪದವಿ ಕೊಡುವುದು ಸೆರಾಂಪುರದ ಸೆನೆಟ್. 1818ರಲ್ಲಿ ಹುಟ್ಟಿದ ಸೆರಾಂಪುರ ಕಾಲೇಜಿಗೆ 1827ರಲ್ಲೇ ಡೆನ್ಮಾರ್ಕಿನ ರಾಜನ ಸನ್ನದು ಸಿಕ್ಕಿತ್ತು. ಮನೆಯಲ್ಲೇ ಓದುವವರು ವಿಶ್ವಾಸ ಪ್ರಮಾಣದ ಒಂದೊಂದು ಸಾಲನ್ನು ಒಂದೊಂದು ವಾರ ಇಟ್ಟುಕೊಳ್ಳಿ. ಆ ಸಾಲು ಆರಾಧನೆಯಲ್ಲಿ ಎಲ್ಲೆಲ್ಲಿ ಪ್ರಾರ್ಥನೆಯಾಗಿದೆ ಎಂದು ಹುಡುಕಿ. ಆಮೇಲೆ ವಿಧಿ, ಆಮೇಲೆ ಹೂಕರ್. ಹೊಸಬರಲ್ಲಿ ನಾನು ಹೇಳುವ ಹೆಸರು ಸಾರಾ ಕೋಕ್ಲಿ. 2013ರಲ್ಲಿ ತಮ್ಮ ಕ್ರಮಬದ್ಧ ದೈವಶಾಸ್ತ್ರದ ಮೊದಲ ಸಂಪುಟ ತಂದ ಆಂಗ್ಲಿಕನ್ ಯಾಜಕಿ. ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ ತ್ರಯೇಕತ್ವವನ್ನು ಮೂರು ಮತ್ತು ಒಂದರ ಗಣಿತದಿಂದ ಅವರು ಶುರುಮಾಡುವುದಿಲ್ಲ. ರೋಮಾಪುರ ಪತ್ರಿಕೆಯ 8ನೇ ಅಧ್ಯಾಯದಿಂದ ಶುರುಮಾಡುತ್ತಾರೆ: ಏನು ಬೇಡಬೇಕೆಂದು ನಮಗೆ ತಿಳಿಯದಾಗ ನಮ್ಮೊಳಗೆ ಆತ್ಮನೇ ಬೇಡುತ್ತಾನೆ. ಪ್ರಾರ್ಥಿಸುವವನು ದೇವರೊಳಗಿನ ಮಾತುಕತೆಯ ನಡುವೆ ಹೋಗಿ ನಿಂತಿರುತ್ತಾನೆ. ಎಲ್ಲವನ್ನೂ ಹಿಡಿತಕ್ಕೆ ತರಲು ಹೊರಡುವ ಶಾಸ್ತ್ರಕ್ಕೆ ಮೌನ ಪ್ರಾರ್ಥನೆಯೇ ಮದ್ದು ಎಂಬುದು ಅವರ ವಾದ. ಕ್ರ್ಯಾನ್ಮರ್ ದಾರಿಯೇ, ಬೇರೆ ಊರಿನಿಂದ.

ಆಕ್ಷೇಪಣೆಗೆ ಬರುತ್ತೇನೆ ಅಂದಿದ್ದೆ. ಅದು ಎದ್ದದ್ದು ಇದೇ ಮಿಲ್ಲರ್ಸ್ ರಸ್ತೆಯಲ್ಲಿ. 1981ರಲ್ಲಿ ಅರವಿಂದ ಪಿ. ನಿರ್ಮಲ್ ಆ ಕಾಲೇಜಿನಲ್ಲಿ ಶೂದ್ರ ದೈವಶಾಸ್ತ್ರದ ಕಡೆಗೆ ಎಂದು ಉಪನ್ಯಾಸ ಕೊಟ್ಟರು. ಮುಂದೆ ಅದು ದಲಿತ ದೈವಶಾಸ್ತ್ರವೆಂದು ಬೆಳೆಯಿತು. ಭಾರತೀಯ ಕ್ರೈಸ್ತ ಶಾಸ್ತ್ರ ಬ್ರಾಹ್ಮಣ ಪರಂಪರೆಯ ಪದಗಳಲ್ಲೇ ಮುಳುಗಿದೆ, ಸಭೆಯಲ್ಲಿ ಬಹುಸಂಖ್ಯಾತರಾಗಿ ಕೂತಿರುವ ಜನರ ನೋವಿನಿಂದ ಅದು ಮಾತಾಡಿಯೇ ಇಲ್ಲ ಎಂದು ಅವರು ಹೇಳಿದರು. ಶ್ರುತಿ, ಯುಕ್ತಿ ಎಂದು ಮೇಲೆ ನಾನು ಖುಷಿಯಿಂದ ಬರೆದೆನಲ್ಲ, ಶ್ರುತಿ ಕೇಳಿಸಿಕೊಳ್ಳಬಾರದೆಂದು ಯಾರ ಕಿವಿ ಮುಚ್ಚಿಸಿದ್ದರು? ನಿರ್ಮಲ್ ಧರ್ಮೋಪದೇಶಕಾಂಡ 26ನೇ ಅಧ್ಯಾಯವನ್ನು ಹಿಡಿದರು. ನಮ್ಮ ಮೂಲಪುರುಷ ಅಲೆಮಾರಿಯಾಗಿದ್ದ, ನಾವು ದಾಸರಾಗಿದ್ದೆವು, ನಮ್ಮ ಕೂಗು ದೇವರಿಗೆ ಕೇಳಿಸಿತು ಎಂಬ ಹಳೆಯ ವಿಶ್ವಾಸ ಪ್ರಮಾಣ ಅದು. ಎಲ್ಲಿಂದ ಬಂದೆವು ಎಂಬ ನೆನಪೇ ಅಲ್ಲಿ ಮೊದಲ ಚುಕ್ಕಿ.

ನಮ್ಮ ಕೂಟದಲ್ಲಿ ಇದನ್ನು ಓದಿದ ದಿನ ಕೆಜಿಎಫ್ ಅಣ್ಣ, ಸಾಮಾನ್ಯವಾಗಿ ಸುಮ್ಮನೆ ಕೂರುವವರು, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಬರೆದ ಪತ್ರದ ಮಾತೆತ್ತಿದರು. ಸಭೆಯೊಳಗಿನ ಜಾತಿಭೇದವನ್ನು ಖಂಡಿತವಾಗಿ, ತಕ್ಷಣವಾಗಿ, ಕಡೆಯದಾಗಿ ಬಿಡಬೇಕು ಎಂದಿತ್ತು ಅದರಲ್ಲಿ. ಬೇರೆ ಬೇರೆ ಕೂರುವುದು, ಕರ್ತನ ಭೋಜನದ ಪಾತ್ರೆಯಿಂದ ಕುಡಿಯಲು ಮೊದಲು ಯಾರು ಆಮೇಲೆ ಯಾರು ಎಂಬುದು, ಎಲ್ಲ ನಿಲ್ಲಬೇಕೆಂದು. ತಂಜಾವೂರು, ಮದರಾಸುಗಳಲ್ಲಿ ಎಷ್ಟೋ ಮೇಲ್ಜಾತಿಯವರು ಸಭೆಯನ್ನೇ ಬಿಟ್ಟು ಎದ್ದರು. ಸಾನ್ನಿಧ್ಯ ಶಾರೀರಿಕವೋ ಆತ್ಮಿಕವೋ ಎಂಬುದು ಅವರ ಜಗಳವಾಗಿರಲಿಲ್ಲ. ಪಕ್ಕದವರ ತುಟಿ ತಾಗಿದ ಪಾತ್ರೆ ಎಂಬುದೇ ಜಗಳ.

"ಈಗ ಚಿಕ್ಕ ಚಿಕ್ಕ ಲೋಟದಲ್ಲಿ ಕೊಡ್ತಾರಲ್ಲ ಕೆಲವು ಕಡೆ," ಅಂದರು ಅಣ್ಣ. "ಶುಚಿಗೆ ಅಂತಾರೆ. ಇರಬಹುದು. ಆದ್ರೆ ಒಂದೇ ಪಾತ್ರೇಲಿ ಕುಡಿಯೋಕೆ ನಮ್ಮ ತಾತ ಎಷ್ಟು ದಿನ ಕಾದ್ರು ಗೊತ್ತಾ?"

ಆಂಟಿ ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗ ಸೋಂಕಿನ ಬಗ್ಗೆ ಏನೋ ಹೇಳಲು ಹೊರಟು ಅಕ್ಕನ ಮುಖ ನೋಡಿ ನಿಲ್ಲಿಸಿದ. ನನ್ನ ಬಳಿಯೂ ಉತ್ತರವಿರಲಿಲ್ಲ. ಮುಂದಿನ ಗುರುವಾರಕ್ಕೆ 1 ಕೊರಿಂಥ 11ನೇ ಅಧ್ಯಾಯ ಓದಿಕೊಂಡು ಬರಲು ಹೇಳಿದೆ. ಉಳ್ಳವರು ಮೊದಲೇ ಉಂಡು ಮುಗಿಸಿ ಇಲ್ಲದವರನ್ನು ಹಸಿದು ಕೂರಿಸಿದ್ದಕ್ಕೆ ಪೌಲನು ಬೈಯುವ ಅಧ್ಯಾಯ. ಇಪ್ಪತ್ತೆಂಟನೆಯ ವಿಧಿಯನ್ನೂ ಜೊತೆಗಿಟ್ಟುಕೊಳ್ಳಿ ಅಂದೆ. ಹಾಳೆಗಳ ಜೆರಾಕ್ಸ್ ತರುವುದು ಅಣ್ಣನ ಪಾಲಿಗೆ ಬಂತು.